ಹಮಾದಾ ಶೋಜಿ

ಹಮಾದಾ ಶೋಜಿ (1894–1978): ಜಪಾನಿನ ಕುಂಬಾರ. ಊಟದ ತಟ್ಟೆ, ಚಹಾದ ಬಟ್ಟಲು, ಕೆಟಲ್, ಜಾಡಿ, ಹೂಜಿ ಮೊದಲಾದ ದಿನಬಳಕೆಯ ಪಾತ್ರೆಗಳನ್ನೇ ಬದುಕಿಡೀ ಮಾಡಿದವರು. ಇಪ್ಪತ್ತನೆಯ ಶತಮಾನದ ಸ್ಟುಡಿಯೋ ಕುಂಬಾರಿಕೆಗೆ ರೂಪ ಕೊಟ್ಟ ಮೊದಲ ಸಾಲಿನವರಲ್ಲಿ ಒಬ್ಬರು. ಜಪಾನಿನ ಜನಪದ ಕರಕುಶಲ ಚಳವಳಿಯಾದ ಮಿಂಗೇಯ ಸ್ಥಾಪಕರಲ್ಲೂ ಒಬ್ಬರು. ಜಪಾನಿನ ರೂಢಿಯಂತೆ ಮನೆತನದ ಹೆಸರು ಮೊದಲು ಬರುತ್ತದೆ: ಹಮಾದಾ ಎಂಬುದು ಮನೆತನ, ಶೋಜಿ ಎಂಬುದು ವ್ಯಕ್ತಿಯ ಹೆಸರು.

ಅವರ ಪಾತ್ರೆಗಳಲ್ಲಿ ನಿಸರ್ಗ ಎರಡು ಬಗೆಯಲ್ಲಿ ಇದೆ. ಕುಂಚದ ನಾಲ್ಕೈದು ಬೀಸಿನಲ್ಲಿ ಮೂಡುವ ಕಬ್ಬಿನ ಗಿಡ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗಿಂತ ಕೈಗೆ ಬೇಗ ತಿಳಿಯುವುದು ಇನ್ನೊಂದು: ಊರಿನ ಒರಟು ಮಣ್ಣು, ಪಕ್ಕದ ಗುಡ್ಡದ ಕಲ್ಲು, ಭತ್ತದ ಹೊಟ್ಟಿನ ಬೂದಿ, ಪೈನ್ ಕಟ್ಟಿಗೆಯ ಉರಿ ಇವೆಲ್ಲ ಸೇರಿ ಪಾತ್ರೆಯೇ ಆಗಿರುವುದು. ಹಮಾದಾ ದೊಡ್ಡವರಾದದ್ದು ಈ ಎರಡನೆಯದರಿಂದ ಎಂಬ ನಿಲುವಿನಲ್ಲಿ ಈ ಲೇಖನ ಬರೆಯಲಾಗಿದೆ.

ಸ್ಟುಡಿಯೋ ಕುಂಬಾರಿಕೆ ಎಂದರೆ ಮಣ್ಣು ಹದ ಮಾಡುವುದರಿಂದ ಹಿಡಿದು ಆವಿಗೆ ಸುಡುವವರೆಗಿನ ಕೆಲಸವನ್ನು ಒಬ್ಬರೇ, ಇಲ್ಲವೇ ಒಂದು ಚಿಕ್ಕ ಬಳಗ, ತಮ್ಮ ಕಣ್ಣಳವಿನಲ್ಲೇ ಮಾಡುವ ಪದ್ಧತಿ. ಕಾರ್ಖಾನೆಯಲ್ಲಿ ರೂಪ ಬಿಡಿಸುವವರು ಬೇರೆ, ಅಚ್ಚು ಹಾಕುವವರು ಬೇರೆ, ಬಣ್ಣ ಬಳಿಯುವವರು ಬೇರೆ. ಊರ ಕುಂಬಾರರಲ್ಲಿ ಇಂಥ ಒಡಕು ಅಷ್ಟಾಗಿ ಇರಲಿಲ್ಲ. ಕುಲದ ಕಸುಬಾಗಿ ಬಂದದ್ದನ್ನು ಅವರು ಬಹುಮಟ್ಟಿಗೆ ಇಡಿಯಾಗಿಯೇ ಮಾಡುತ್ತಿದ್ದರು. ಕುಂಬಾರ ಮನೆತನದಲ್ಲಿ ಹುಟ್ಟದೆ, ಕಾಲೇಜಿನಲ್ಲಿ ಓದಿ, ಆ ಇಡಿತನವನ್ನು ತಾವಾಗಿಯೇ ಆರಿಸಿಕೊಂಡು ಬಂದವರು ಸ್ಟುಡಿಯೋ ಕುಂಬಾರರು. ಹಮಾದಾ ಅಂಥವರು.

ತಮ್ಮ ಬದುಕನ್ನು ಅವರು ನಾಲ್ಕು ನೆಲೆಗಳಿಗೆ ಹಂಚಿ ಹೇಳುತ್ತಿದ್ದರು: ದಾರಿ ಕಂಡದ್ದು ಕ್ಯೋಟೊದಲ್ಲಿ, ನಡಿಗೆ ಶುರುವಾದದ್ದು ಇಂಗ್ಲೆಂಡಿನಲ್ಲಿ, ಕಲಿತದ್ದು ಒಕಿನಾವಾದಲ್ಲಿ, ಬೆಳೆದದ್ದು ಮಾಶಿಕೊ ಎಂಬ ಕುಂಬಾರರ ಊರಿನಲ್ಲಿ ಎಂದು.

ಓದು ಮತ್ತು ಕ್ಯೋಟೊ

ಹಮಾದಾ ಹುಟ್ಟಿದ್ದು 1894ರ ಡಿಸೆಂಬರ್ 9ರಂದು, ಇಂದಿನ ಕವಾಸಾಕಿ ನಗರದಲ್ಲಿ. ಚಿಕ್ಕಂದಿನಲ್ಲಿ ಚಿತ್ರಕಾರನಾಗುವ ಆಸೆ ಇತ್ತು. ಫ್ರಾನ್ಸಿನ ಚಿತ್ರಕಾರ ರೆನ್ವಾರ್ ಎಲ್ಲೋ ಆಡಿದ ಮಾತು ಅವರ ಕಣ್ಣಿಗೆ ಬಿತ್ತು. ಚಿತ್ರ ಬರೆಯಲು ಹೊರಟ ಯುವಕರಲ್ಲಿ ಅರ್ಧದಷ್ಟು ಮಂದಿ ಕೈಕಸುಬಿಗೆ ಬಂದರೆ ಎರಡಕ್ಕೂ ಒಳ್ಳೆಯದು ಎಂಬ ಅರ್ಥದ್ದು. ಚಿತ್ರ ಕೆಟ್ಟರೆ ಗೋಡೆಗೂ ಬೇಡ. ಬಟ್ಟಲು ಚೆನ್ನಾಗಿ ಬರದಿದ್ದರೂ ಅದರಲ್ಲಿ ನೀರನ್ನಾದರೂ ಕುಡಿಯಬಹುದು. ಹುಡುಗ ಮಣ್ಣನ್ನು ಆರಿಸಿಕೊಂಡದ್ದರ ಹಿಂದೆ ಇಂಥದೊಂದು ಸರಳ ಲೆಕ್ಕ ಇತ್ತು.

1913ರಲ್ಲಿ ಟೋಕಿಯೋ ಉನ್ನತ ತಾಂತ್ರಿಕ ಶಾಲೆಯ ಪಿಂಗಾಣಿ ವಿಭಾಗಕ್ಕೆ ಸೇರಿದರು. ಗುರುಗಳು ನಾಜೂಕು ಪಿಂಗಾಣಿಗೆ ಹೆಸರಾಗಿದ್ದ ಇತಾಯಾ ಹಾಝಾನ್. ಅಲ್ಲಿ ಎರಡು ವರ್ಷ ಮುಂದಿದ್ದ ಕವಾಯಿ ಕಾಂಜಿರೋ ಕೊನೆಯವರೆಗೂ ಗೆಳೆಯರಾಗಿ ಉಳಿದರು. ಬೆಟ್ಟ, ಮರ, ಗುಡಿಸಲಿನ ಚಿತ್ರವಿದ್ದ ಮಾಶಿಕೊದ ಅಗ್ಗದ ಚಹಾ ಕೆಟಲೊಂದನ್ನು ಹಮಾದಾ ಕಂಡದ್ದೂ ವಿದ್ಯಾರ್ಥಿ ದಿನಗಳಲ್ಲೇ. ಆ ಕೆಟಲು ಅವರ ಮನಸ್ಸಿನಲ್ಲಿ ಹತ್ತು ವರ್ಷ ಕೂತಿತ್ತು.

1916ರಲ್ಲಿ ಓದು ಮುಗಿಸಿ ಕ್ಯೋಟೊ ನಗರದ ಪಿಂಗಾಣಿ ಪ್ರಯೋಗಾಲಯ ಸೇರಿದರು. ಕವಾಯಿ ಅದಾಗಲೇ ಅಲ್ಲಿದ್ದರು. ಇಬ್ಬರೂ ಸೇರಿ ಸುಮಾರು 10,000 ಗ್ಲೇಜ್ ಪ್ರಯೋಗ ಮಾಡಿದರೆಂದು ಹೇಳುತ್ತಾರೆ. ಗ್ಲೇಜ್ ಎಂದರೆ ಪಾತ್ರೆಯ ಮೈಮೇಲೆ ಕರಗಿ ಗಾಜಾಗುವ ಲೇಪ. ಸಿಲಿಕಾ ಗಾಜಿಗೆ ಮೈ ಕೊಡುತ್ತದೆ. ಸುಣ್ಣ, ಪೊಟ್ಯಾಶ್ ಮೊದಲಾದವು ಅದನ್ನು ಕರಗಿಸುತ್ತವೆ. ಅಲ್ಯೂಮಿನಾ ಅದು ಇಳಿದುಹೋಗದಂತೆ ಹಿಡಿದು ನಿಲ್ಲಿಸುತ್ತದೆ. ಕಬ್ಬಿಣ, ತಾಮ್ರಗಳು ಬಣ್ಣ ಕೊಡುತ್ತವೆ. ಈ ನಾಲ್ಕರ ಪಾಲು ಒಂದಿಷ್ಟು ಆಚೀಚೆಯಾದರೆ ಹೊಳಪು ಮಬ್ಬಾಗುತ್ತದೆ, ಹಸಿರು ಕಂದಾಗುತ್ತದೆ. ಹಮಾದಾ ಈ ರಸಾಯನವನ್ನು ಆಳವಾಗಿ ಕಲಿತರು. ಮುಂದೆ ಹಳ್ಳಿಗೆ ಹೋಗಿ ಕಲ್ಲಿನ ಪುಡಿ, ಹೊಟ್ಟಿನ ಬೂದಿಗಳಿಂದಲೇ ತೃಪ್ತರಾದದ್ದು ಬೇರೆ ತಿಳಿಯದೆ ಅಲ್ಲ. ಸಾವಿರಾರು ದಾರಿ ಬಲ್ಲವರು ಐದಾರನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಅವರ ಪಾತ್ರೆಗಳ ಸರಳತೆ ಹಿಂದೆ ಈ ಓದಿನ ಬಲ ಇದೆ.

ಸೇಂಟ್ ಐವ್ಸ್

1918ರಲ್ಲಿ ಟೋಕಿಯೋದ ಒಂದು ಪ್ರದರ್ಶನದಲ್ಲಿ ಬರ್ನಾರ್ಡ್ ಲೀಚ್ ಅವರ ಪರಿಚಯವಾಯಿತು. ಹಾಂಕಾಂಗ್‌ನಲ್ಲಿ ಹುಟ್ಟಿ ಜಪಾನಿನಲ್ಲಿ ಕುಂಬಾರಿಕೆ ಕಲಿತ ಇಂಗ್ಲಿಷರು ಲೀಚ್. ಟೋಕಿಯೋ ಬಳಿಯ ಆಬಿಕೊದಲ್ಲಿ ಅವರ ಕೆಲಸದ ಮನೆ ಇತ್ತು. ಅದು ಇದ್ದದ್ದು ಚಿಂತಕ ಯಾನಾಗಿ ಸೋಯೆತ್ಸು ಅವರ ಹಿತ್ತಿಲಿನಲ್ಲಿ. ಹಮಾದಾ ಅಲ್ಲಿಗೆ ಹೋಗಿಬರತೊಡಗಿದರು. ಇಂಗ್ಲೆಂಡಿಗೆ ಮರಳಿ ಕುಂಬಾರಶಾಲೆ ತೆರೆಯಲು ಲೀಚ್ ಹೊರಟಾಗ ಹಮಾದಾ ಜೊತೆಯಾದರು. 1920ರಲ್ಲಿ ಇಬ್ಬರೂ ಕಾರ್ನ್‌ವಾಲಿನ ಸೇಂಟ್ ಐವ್ಸ್ ಎಂಬ ಮೀನುಗಾರರ ಊರು ತಲುಪಿದರು.

ಅಲ್ಲಿ ಅವರು ಕಟ್ಟಿದ್ದು ನೊಬೊರಿಗಾಮಾ. ಇಳಿಜಾರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕೋಣೆಗಳ ಆವಿಗೆ ಅದು. ಪಶ್ಚಿಮ ದೇಶಗಳಲ್ಲಿ ಈ ಬಗೆಯ ಆವಿಗೆ ಕಟ್ಟಿದ್ದು ಇದೇ ಮೊದಲು. ಕೆಳಗಿನ ಕೋಣೆಗೆ ಬೆಂಕಿ ಹಾಕಿದರೆ ಅದರ ಬಿಸಿ ಮೇಲಿನ ಕೋಣೆಗಳನ್ನು ಕಾಯಿಸುತ್ತ ಏರುತ್ತದೆ. ಕೆಳಗಿನದು ಬೆಂದ ಮೇಲೆ ಮೇಲಿನದಕ್ಕೆ ಪಕ್ಕದ ಕಿಂಡಿಯಿಂದ ಕಟ್ಟಿಗೆ ಹಾಕುತ್ತ ಹೋಗುತ್ತಾರೆ. ಒಂದರ ಬಿಸಿ ಇನ್ನೊಂದಕ್ಕೆ ಒದಗುವುದರಿಂದ ಉರವಲು ಉಳಿಯುತ್ತದೆ. ಇಂಥ ಆವಿಗೆಗೆ ಬೇಕಾದದ್ದು ಧಾರಾಳ ಕಟ್ಟಿಗೆ. ಸಮುದ್ರದ ಗಾಳಿ ಬೀಸುವ ಬೋಳು ಗುಡ್ಡಗಳ ಕಾರ್ನ್‌ವಾಲಿನಲ್ಲಿ ಮರವೇ ಅಪರೂಪ. ಮೊದಲ ಆವಿಗೆ ಸರಿಯಾಗಿ ನಿಲ್ಲಲೂ ಇಲ್ಲ. ಕ್ಯೋಟೊದ ಕುಂಬಾರ ಮನೆತನದ ಮಾತ್ಸುಬಾಯಾಶಿ ತ್ಸುರುನೊಸುಕೆ ಬಂದು ಅದನ್ನು ಹೊಸದಾಗಿ ಕಟ್ಟಬೇಕಾಯಿತು. ಜಪಾನಿನ ವಿಧಾನವನ್ನು ಇದ್ದಂತೆ ಇನ್ನೊಂದು ನೆಲದಲ್ಲಿ ಊರಲು ಹೊರಟರೆ ಆ ನೆಲ ಹೇಗೆ ತಡೆಯುತ್ತದೆ ಎಂಬುದನ್ನು ಹಮಾದಾ ಕಂಡುಕೊಂಡದ್ದು ಇಲ್ಲಿ. ತಾನು ಮಾಡಬಯಸಿದ್ದಕ್ಕೆ ಮಣ್ಣು ಹುಡುಕುವ ಬದಲು ಊರಲ್ಲಿರುವ ಮಣ್ಣು ಏನಾಗಬಲ್ಲದು ಎಂದು ಕೇಳುವ ಕ್ರಮವನ್ನು ಅವರು ಮುಂದೆ ಮಾಶಿಕೊದಲ್ಲಿ ಕೊನೆಯವರೆಗೂ ಬಿಡಲಿಲ್ಲ.

ಇಂಗ್ಲೆಂಡಿನ ಹಳೆಯ ಸ್ಲಿಪ್‌ವೇರ್ ಅವರನ್ನು ಸೆಳೆಯಿತು. ಕೆಂಪು ಮಣ್ಣಿನ ಪಾತ್ರೆಯ ಮೇಲೆ ತೆಳು ಬಿಳಿ ಮಣ್ಣಿನ ನೀರು ಹುಯ್ದು ಗೀರಿಯೋ ಗೆರೆ ಎಳೆದೋ ಅಲಂಕರಿಸಿದ ಹಳ್ಳಿಯ ಪಾತ್ರೆಗಳು ಅವು. ಕಾರ್ಖಾನೆ ಪಿಂಗಾಣಿಯ ಮುಂದೆ ಅಷ್ಟರಲ್ಲಿ ಮಾಯವಾಗುತ್ತಿದ್ದವು. ಹೊಲ, ದಾರಿಬದಿಗಳಲ್ಲಿ ಸಿಗುವ ಓಡುಗಳನ್ನು ಆಯ್ದು ನೋಡಿ ಲೀಚ್ ಮತ್ತು ಹಮಾದಾ ಆ ವಿದ್ಯೆಯನ್ನು ತಾವಾಗಿಯೇ ಮರಳಿ ಕಲಿತರು. ಸಸೆಕ್ಸ್‌ನ ಡಿಚ್ಲಿಂಗ್ ಎಂಬ ಹಳ್ಳಿಯಲ್ಲಿ ನೇಕಾರ್ತಿ ಎಥೆಲ್ ಮೇರೆ ಅವರ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಅಂಥ ಪಾತ್ರೆಗಳೇ ಇದ್ದವು. ತಾವೇ ನೂತು, ತಾವೇ ಬಣ್ಣ ಹಾಕಿದ ನೂಲಿನ ಬಟ್ಟೆ. ಹಳ್ಳಿ ಬಡಗಿ ಮಾಡಿದ ಕುರ್ಚಿ. ಹಳ್ಳಿ ಕುಂಬಾರ ಮಾಡಿದ ಹೂಜಿ. ನಗರದಿಂದ ದೂರ ಇದ್ದೂ ಹೀಗೆ ತುಂಬಿದ ಬಾಳು ಬಾಳಬಹುದು ಎಂಬ ನೋಟವನ್ನು ಹಮಾದಾ ಅಲ್ಲಿಂದ ತಂದರು. ಅವರು ಇಂಗ್ಲೆಂಡಿನಲ್ಲಿ ಪಡೆದದ್ದರಲ್ಲಿ ಇದೇ ಎಲ್ಲಕ್ಕಿಂತ ತೂಕದ್ದು ಎನ್ನಬೇಕು.

1923ರಲ್ಲಿ ಲಂಡನ್ನಿನ ಪ್ಯಾಟರ್ಸನ್ ಗ್ಯಾಲರಿಯಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಅದೇ ವರ್ಷ ಸೆಪ್ಟೆಂಬರ್ 1ರಂದು ಟೋಕಿಯೋ, ಯೊಕೊಹಾಮಾಗಳು ಭೂಕಂಪಕ್ಕೂ ಅದರ ಬೆನ್ನಿಗೆ ಹಬ್ಬಿದ ಬೆಂಕಿಗೂ ಬಲಿಯಾದವು. ಸುದ್ದಿ ತಿಳಿದ ಹಮಾದಾ ಊರಿಗೆ ಹೊರಟರು.

ಮಾಶಿಕೊ ಮತ್ತು ಒಕಿನಾವಾ

ಮಾಶಿಕೊ ಟೋಕಿಯೋದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ತೋಚಿಗಿ ಪ್ರಾಂತದಲ್ಲಿದೆ. ಸುತ್ತ ಗದ್ದೆ, ಹಿಂದೆ ಪೈನ್ ಮರಗಳ ಚಿಕ್ಕ ಗುಡ್ಡಗಳು. 1853ರಲ್ಲಿ ಓತ್ಸುಕಾ ಕೇಝಾಬುರೋ ಎಂಬವರು ನೆರೆಯ ಕಾಸಾಮಾದಲ್ಲಿ ಕಸುಬು ಕಲಿತು ಬಂದು ಇಲ್ಲಿ ಮೊದಲ ಆವಿಗೆ ಹೂಡಿದರು. ರಾಜಧಾನಿಯ ಅಡುಗೆಮನೆಗಳಿಗೆ ನೀರಿನ ಜಾಡಿ, ಒಳಗೆ ಗೀರುಗಳಿರುವ ಅರೆಯುವ ಬೋಗುಣಿ, ಚಹಾ ಕೆಟಲ್ ಇಲ್ಲಿಂದ ಹೋಗುತ್ತಿದ್ದವು. ಕೆಟಲುಗಳ ಮೇಲೆ ಬೆಟ್ಟ ನೀರುಗಳ ಚಿತ್ರ ಬರೆಯುತ್ತಿದ್ದವರು ಮಿನಗಾವಾ ಮಾಸು ಅವರಂಥ ಹೆಂಗಸರು. ದಿನಕ್ಕೆ ನೂರಾರು ಕೆಟಲುಗಳ ಮೇಲೆ ಅದದೇ ಬೆಟ್ಟ, ಅದದೇ ಮರ. ಯೋಚಿಸಲು ಪುರುಸೊತ್ತಿಲ್ಲದ ಕೈಯಿಂದ ಬಂದ ಆ ಗೆರೆಗಳಲ್ಲಿ ಕಲಾಶಾಲೆ ಕಲಿಸಲಾರದ ಸಲೀಸು ಇತ್ತು. ಹಮಾದಾ ವಿದ್ಯಾರ್ಥಿಯಾಗಿದ್ದಾಗ ಮನಸೋತದ್ದು ಇಂಥ ಕೆಟಲಿಗೆ.

1924ರಲ್ಲಿ ಅವರು ಮಾಶಿಕೊಗೆ ಬಂದರು. ಅದೇ ವರ್ಷ ಕಿಮುರಾ ಕಾಝುಎ ಅವರೊಂದಿಗೆ ಮದುವೆಯಾಯಿತು. ಹೊಸ ದಂಪತಿಗಳು ಆ ಚಳಿಗಾಲ ಕಳೆದದ್ದು ದಕ್ಷಿಣದ ಒಕಿನಾವಾ ದ್ವೀಪದಲ್ಲಿ, ನಾಹಾ ಪಟ್ಟಣದ ತ್ಸುಬೊಯಾ ಎಂಬ ಕುಂಬಾರಗೇರಿಯ ಒಡನಾಟದಲ್ಲಿ. ಅಲ್ಲಿ ಪಾತ್ರೆ ಮಾಡುವುದಕ್ಕೂ ಬಾಳುವುದಕ್ಕೂ ನಡುವೆ ಅಂತರ ಇರಲಿಲ್ಲ. ಹಾಡುತ್ತ, ಹರಟುತ್ತ ಮಾಡಿದ ಪಾತ್ರೆಗಳೇ ಮನೆಯೊಳಗೂ ಗೋರಿಯೊಳಗೂ ಸೇರುತ್ತಿದ್ದವು. ಒಕಿನಾವಾದ ಗಾಳಿಗೆ ಬಾಗುವ ಕಬ್ಬಿನ ಗದ್ದೆ ನೋಡಿ ಹಮಾದಾ ಒಂದು ಚಿತ್ರ ಗೀಚಿಕೊಂಡರು. ಆ ಗೀಚು ಮುಂದೆ ಸುಮಾರು ಐದು ದಶಕ ಅವರ ಕುಂಚದಲ್ಲಿ ಉಳಿಯಿತು.

ಐದು ದಶಕ ಒಂದೇ ಗಿಡ ಎಂದರೆ ಓದುಗರಿಗೆ ಬೇಸರದ ಸಂಗತಿ ಅನಿಸಬಹುದು. ಪಾತ್ರೆಗಳನ್ನು ಸಾಲಾಗಿ ಇಟ್ಟು ನೋಡಿದವರಿಗೆ ಹಾಗನ್ನಿಸುವುದಿಲ್ಲ. ಮೊದಮೊದಲಿನ ಪಾತ್ರೆಗಳಲ್ಲಿ ಅದು ಗಿಣ್ಣು, ಗರಿ ಗುರುತಿಸಬಹುದಾದ ಕಬ್ಬು. ಬರಬರುತ್ತ ಒಂದು ನೆಟ್ಟ ಗೆರೆ, ಎರಡೂ ಕಡೆ ಚಿಮ್ಮುವ ಮೂರು ನಾಲ್ಕು ಬೀಸು, ಅಷ್ಟೇ. ಅದನ್ನು ಜೊಂಡು ಎನ್ನಬಹುದು, ಜೋಳ ಎನ್ನಬಹುದು, ಹುಲ್ಲು ಎನ್ನಬಹುದು. ಗಿಡದ ವಿವರ ಕರಗಿ ಹೋಗಿ ನೆಲದಿಂದ ಎದ್ದು ಬಾಗುವ ಒಂದು ಕಸುವು ಮಾತ್ರ ಉಳಿದಿದೆ. ನಿತ್ಯ ರಂಗೋಲಿ ಹಾಕುವ ಕೈಗೆ ಈ ಸಂಗತಿ ಹೊಸದೇನಲ್ಲ.

ಮಾಶಿಕೊದಲ್ಲಿ ಮೊದಲ ಕೆಲವು ವರ್ಷ ಅವರಿಗೆ ಸ್ವಂತ ಆವಿಗೆ ಇರಲಿಲ್ಲ. ಸಾಕುಮಾ ತೋತಾರೋ ಅವರ ಕುಂಬಾರಶಾಲೆಯಲ್ಲಿ ಜಾಗ ಪಡೆದು, ಊರವರ ಜೊತೆಗೆ ಕೂತು ಕೆಲಸ ಮಾಡಿದರು. 1930ರ ಹೊತ್ತಿಗೆ ಹುಲ್ಲುಮಾಡಿನ ಹಳೆಯ ರೈತಮನೆಯೊಂದನ್ನು ಕೊಂಡು, ಬಿಚ್ಚಿ ತಂದು, ತಮ್ಮ ಜಾಗದಲ್ಲಿ ಮತ್ತೆ ಕಟ್ಟಿದರು. ಹೀಗೆ ಒಂದೊಂದಾಗಿ ಹಳೆಯ ಕಟ್ಟಡಗಳು ಬಂದು ಸೇರಿ ಅದೊಂದು ಚಿಕ್ಕ ಕೇರಿಯಂತಾಯಿತು. ಎಂಟು ಕೋಣೆಗಳ ದೊಡ್ಡ ಆವಿಗೆಯೂ ಎದ್ದಿತು.

ಮಣ್ಣು, ಕಲ್ಲು, ಬೂದಿ

ಮಾಶಿಕೊದ ಮಣ್ಣು ಉತ್ತಮ ಜಾತಿಯದಲ್ಲ. ಮರಳು ಹೆಚ್ಚು, ಕಬ್ಬಿಣದ ಅಂಶವೂ ಇದೆ. ತೆಳ್ಳಗೆ ಎಳೆಯಲು ಹೋದರೆ ಕುಸಿಯುತ್ತದೆ. ಆದ್ದರಿಂದ ಅಲ್ಲಿನ ಪಾತ್ರೆಗಳು ದಪ್ಪ, ಭಾರ. ಹೊರಗಿನಿಂದ ಒಳ್ಳೆಯ ಮಣ್ಣು ತರಿಸುವುದು ಹಮಾದಾಗೆ ಕಷ್ಟವಿರಲಿಲ್ಲ, ತರಿಸಲಿಲ್ಲ. ಮಣ್ಣಿನ ಒರಟುತನಕ್ಕೆ ತಕ್ಕ ಆಕಾರಗಳನ್ನೇ ಹುಡುಕಿದರು: ಅಗಲ ಭುಜದ ಜಾಡಿ, ಗಟ್ಟಿ ತಳದ ಬಟ್ಟಲು, ಒತ್ತು ಅಚ್ಚಿನಲ್ಲಿ ಮಾಡಿದ ಚೌಕು ಸೀಸೆ. ಅವರ ಬಟ್ಟಲನ್ನು ಎತ್ತಿದಾಗ ಭಾರ ತಳದಲ್ಲಿ ನಿಂತಿರುವುದು ಅಂಗೈಗೆ ಗೊತ್ತಾಗುತ್ತದೆ.

ಅವರ ತಿಗರಿ ಕೈಯಿಂದ ತಿರುಗಿಸುವ ಮರದ್ದು. ಅದರ ತಟ್ಟೆಯ ಅಂಚಿನ ಕುಳಿಯಲ್ಲಿ ಕೋಲಿಟ್ಟು ಬೀಸಿ ತಿರುಗಿಸಿ, ವೇಗ ಇಳಿಯುವುದರೊಳಗೆ ಪಾತ್ರೆ ಎತ್ತಬೇಕು. ನಮ್ಮ ಊರುಗಳ ಕುಂಬಾರರು ಭಾರದ ತಿಗರಿಯನ್ನು ಕೋಲಿನಿಂದ ತಿರುಗಿಸಿ ಬಿಡುವುದನ್ನು ಕಂಡವರಿಗೆ ಈ ಕ್ರಮ ಅಪರಿಚಿತವಲ್ಲ. ಹಮಾದಾರ ತಿಗರಿ ಅದಕ್ಕಿಂತ ಹಗುರ, ಅದರ ಓಟ ಬೇಗ ಇಳಿಯುತ್ತದೆ. ನಿಧಾನವಾಗಿ ತಿರುಗುವ ತಿಗರಿಯ ಮೇಲೆ ಎದ್ದ ಪಾತ್ರೆಯಲ್ಲಿ ಬೆರಳಿನ ಜಾಡು ಉಳಿಯುತ್ತದೆ, ಬಾಯಿ ಕೂದಲೆಳೆಯಷ್ಟು ಓರೆಯಾಗುತ್ತದೆ. ವಿದ್ಯುತ್ ತಿಗರಿ ಕೊಡುವ ನಯ ಇದರಲ್ಲಿ ಇಲ್ಲ. ಆ ನಯವನ್ನು ಅವರು ಬಯಸಲೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂತು, ಮಣ್ಣಿನ ದೊಡ್ಡ ಗುಡ್ಡೆಯ ತುದಿಯಿಂದ ಒಂದಾದ ಮೇಲೊಂದು ಬಟ್ಟಲು ಎತ್ತಿ ದಾರದಿಂದ ಕತ್ತರಿಸಿ ಇಡುತ್ತಿದ್ದರು.

ಗ್ಲೇಜ್‌ಗಳ ಸಂಗತಿ ಇನ್ನೂ ಸ್ವಾರಸ್ಯದ್ದು. ಮಾಶಿಕೊ ಬಳಿಯ ಆಶಿನುಮಾ ಎಂಬಲ್ಲಿ ಒಂದು ಬಗೆಯ ಮೆದು ಕಲ್ಲು ಸಿಗುತ್ತದೆ. ಅದನ್ನು ಪುಡಿಮಾಡಿ ನೀರಿನಲ್ಲಿ ಕದಡಿ ಬಳಿದು ಸುಟ್ಟರೆ ತುಕ್ಕುಗೆಂಪಿನ ಹೊಳಪು ಬರುತ್ತದೆ. ಬೇರೇನನ್ನೂ ಸೇರಿಸಬೇಕಿಲ್ಲ, ಬೇಕಾದ ಸಿಲಿಕಾ, ಅಲ್ಯೂಮಿನಾ, ಕಬ್ಬಿಣ ಎಲ್ಲವನ್ನೂ ಗುಡ್ಡವೇ ಬೆರೆಸಿ ಇಟ್ಟಿದೆ. ಇದಕ್ಕೆ ಅಲ್ಲಿನವರು ಇಟ್ಟ ಹೆಸರು ಕಾಕಿ, ಅಂದರೆ ಜಪಾನಿನ ಹಿತ್ತಿಲುಗಳಲ್ಲಿ ಶರತ್ಕಾಲದ ಕೊನೆಗೆ ಮಾಗುವ ಪರ್ಸಿಮನ್ ಹಣ್ಣು. ಇದೇ ಕಲ್ಲಿನ ಪುಡಿಗೆ ಮರದ ಬೂದಿ ಬೆರೆಸಿದರೆ ಕಪ್ಪು. ಭತ್ತದ ಹೊಟ್ಟನ್ನು ಸುಟ್ಟ ಬೂದಿಯಿಂದ ಬರುವುದು ನುಕಾ ಎಂಬ ಹಾಲಿನಂಥ ಬಿಳಿ. ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ. ಅದು ಪೂರ್ತಿ ಕರಗದೆ ಗಾಜಿನೊಳಗೆ ಮೋಡದಂತೆ ನಿಲ್ಲುವುದರಿಂದ ಈ ಮಬ್ಬು ಬಿಳುಪು. ನುಕಾಗೆ ತಾಮ್ರ ಬೆರೆತರೆ ಹಸಿರು. ಗದ್ದೆಯಲ್ಲಿ ಬೆಳೆದು ಅನ್ನವಾದ ಭತ್ತದ ಹೊಟ್ಟೇ ಆ ಅನ್ನ ಬಡಿಸುವ ಬಟ್ಟಲಿನ ಮೈಮೇಲೆ ಮರಳಿ ಬಂದು ಕೂರುತ್ತದೆ. ನಿಸರ್ಗವನ್ನು ಪಾತ್ರೆಯ ಮೇಲೆ ಬರೆಯುವುದಕ್ಕೂ ಪಾತ್ರೆಯೊಳಗೆ ಇಳಿಸುವುದಕ್ಕೂ ಎಷ್ಟು ಅಂತರ ಎಂದು ಕೇಳಿದವರಿಗೆ ಈ ಒಂದು ಬಟ್ಟಲು ತೋರಿಸಿದರೆ ಸಾಕು.

ಈ ಲೇಪಗಳನ್ನು ಹಾಕುವ ರೀತಿಯೂ ಹಳ್ಳಿಯದೇ. ಅದ್ದುವುದು, ಸೌಟಿನಿಂದ ಸುರಿಯುವುದು, ಲೇಪ ಹಸಿಯಿರುವಾಗಲೇ ಬೆರಳಿನಿಂದ ಒರೆಸಿ ಗೆರೆ ಎಳೆಯುವುದು, ಮೇಣದಲ್ಲಿ ಚಿತ್ರ ಬರೆದು ಅದರ ಮೇಲೆ ಇನ್ನೊಂದು ಲೇಪ ಕೊಡುವುದು. ದೊಡ್ಡ ತಟ್ಟೆಗಳ ಮೇಲೆ ಸೌಟಿನಿಂದ ಒಂದೇ ಉಸಿರಿನಲ್ಲಿ ಗೆರೆ ಹಾಯಿಸುವುದು ಹಮಾದಾರ ಪ್ರಸಿದ್ಧ ಪಟ್ಟು. ನೋಡುತ್ತಿದ್ದವರೊಬ್ಬರು, ಇಷ್ಟು ದೊಡ್ಡ ತಟ್ಟೆಯ ಅಲಂಕಾರ 15 ಸೆಕೆಂಡಿನಲ್ಲಿ ಮುಗಿದುಹೋಯಿತೇ ಎಂದು ಕೇಳಿದರಂತೆ. 60 ವರ್ಷ ಮತ್ತು 15 ಸೆಕೆಂಡು ಎಂದು ಎಣಿಸಿಕೊಳ್ಳಬಹುದು ಎಂಬರ್ಥದ ಉತ್ತರ ಕೊಟ್ಟರು. ಈ ಪ್ರಸಂಗವನ್ನು ಜಾಣ ಮಾತಿನ ಉದಾಹರಣೆಯಾಗಿ ಹೇಳುವವರೇ ಹೆಚ್ಚು. ಹಸಿ ಲೇಪ ಒಣಮಣ್ಣಿಗೆ ತಾಗಿದ ಕ್ಷಣವೇ ಹೀರಿಹೋಗುತ್ತದೆ, ತಿದ್ದಲು ಎರಡನೆಯ ಅವಕಾಶ ಇಲ್ಲ ಎಂಬ ಕಸುಬಿನ ಸತ್ಯವೂ ಅದರಲ್ಲಿದೆ.

ಸುಡುವುದು ಕೊನೆಯ ಘಟ್ಟ. ಸ್ಟೋನ್‌ವೇರ್ ಎನ್ನುವ ಈ ಬಗೆಯ ಪಾತ್ರೆಗೆ ಸುಮಾರು 1250ರಿಂದ 1300 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಷ್ಟು ಬಿಸಿಗೆ ಮಣ್ಣಿನ ಕಣಗಳು ಒಂದಕ್ಕೊಂದು ಬೆಸೆದು ಕಲ್ಲಿನಂತಾಗುತ್ತವೆ. ನಮ್ಮ ಮಡಕೆ ಕುಡಿಕೆಗಳು ಇದಕ್ಕಿಂತ ಬಹಳ ಕಡಿಮೆ ಬಿಸಿಯಲ್ಲಿ ಬೇಯುವುದರಿಂದ ಅವುಗಳ ಮೈಯಲ್ಲಿ ನೀರು ಒಸರುತ್ತದೆ. ಬೇಸಗೆಯಲ್ಲಿ ನೀರು ತಣ್ಣಗಿರುವುದೂ ಅದರಿಂದಲೇ. ಮಾಶಿಕೊದ ಉರವಲು ಕೆಂಪು ಪೈನ್. ಉದ್ದನೆಯ ಜ್ವಾಲೆ ಕೊಡುವ ಎಣ್ಣೆಯ ಮರ ಅದು. ಹಗಲೂ ರಾತ್ರಿ ಕಟ್ಟಿಗೆ ಹಾಕುತ್ತಿದ್ದರೆ ಬೆಂಕಿಯ ಜೊತೆ ಬೂದಿ ಹಾರಿ ಪಾತ್ರೆಗಳ ಮೇಲೆ ಕೂತು ತಾನೂ ಗಾಜಾಗುತ್ತದೆ. ಒಂದೇ ಲೇಪ ಹಚ್ಚಿದ ಎರಡು ಬಟ್ಟಲು ಆವಿಗೆಯ ಎರಡು ಮೂಲೆಗಳಲ್ಲಿ ಎರಡು ಬಣ್ಣವಾಗಿ ಬರುವುದು ಹೀಗೆ.

ಮಿಂಗೇ

1925ರ ಕೊನೆಯಲ್ಲಿ ಯಾನಾಗಿ, ಕವಾಯಿ, ಹಮಾದಾ ಮೂವರೂ ಒಟ್ಟಿಗೆ ಪ್ರಯಾಣ ಮಾಡುತ್ತಿದ್ದಾಗ ಮಿಂಗೇ ಎಂಬ ಪದ ಹುಟ್ಟಿತು. ಮಿನ್ ಎಂದರೆ ಜನ, ಗೇ ಎಂದರೆ ಕಲೆ. ಹೆಸರಿಲ್ಲದ ಕುಶಲಿಗಳು, ಸಾಮಾನ್ಯ ಜನರ ಬಳಕೆಗಾಗಿ, ಹೆಚ್ಚು ಸಂಖ್ಯೆಯಲ್ಲಿ, ಕಡಿಮೆ ಬೆಲೆಗೆ ಮಾಡುವ ವಸ್ತುಗಳಲ್ಲೇ ನಿಜವಾದ ಸೌಂದರ್ಯವಿದೆ ಎಂಬುದು ಯಾನಾಗಿಯವರ ವಾದ. ಕೊರಿಯಾದ ಹಳೆಯ ಬಟ್ಟಲುಗಳನ್ನು ನೋಡುತ್ತ ನೋಡುತ್ತ ಅವರು ಈ ನಿಲುವಿಗೆ ಬಂದಿದ್ದರು. 1936ರಲ್ಲಿ ಟೋಕಿಯೋದ ಕೊಮಾಬಾದಲ್ಲಿ ಜಪಾನ್ ಜನಪದ ಕರಕುಶಲ ವಸ್ತುಸಂಗ್ರಹಾಲಯ ತೆರೆಯಿತು. 1961ರಲ್ಲಿ ಯಾನಾಗಿ ತೀರಿಕೊಂಡ ಮೇಲೆ ಹಮಾದಾ ಅದರ ನಿರ್ದೇಶಕರಾದರು.

ಈ ತತ್ವಕ್ಕೂ ಹಮಾದಾರ ಬದುಕಿಗೂ ನಡುವೆ ಒಂದು ಬಿರುಕಿದೆ. ಹೆಸರಿಲ್ಲದವರ ಕಲೆಯನ್ನು ಹೊಗಳಿದವರೇ ಲೋಕಪ್ರಸಿದ್ಧರಾದರು. ಅಗ್ಗದ ಪಾತ್ರೆಯ ಪರ ನಿಂತವರ ಪಾತ್ರೆಗಳು ಸಂಗ್ರಾಹಕರ ಪಾಲಾದವು. ಮಾಶಿಕೊಗೆ ಬಂದ ಮೇಲೆ ಅವರು ಪಾತ್ರೆಗೆ ಸಹಿ ಹಾಕುವುದನ್ನೂ ಮುದ್ರೆ ಒತ್ತುವುದನ್ನೂ ಬಿಟ್ಟರು. ಆದರೆ ಪಾತ್ರೆಯನ್ನು ಇಡುವ ಮರದ ಪೆಟ್ಟಿಗೆಯ ಮೇಲೆ, ಜಪಾನಿನ ವಾಡಿಕೆಯಂತೆ, ಅವರ ಬರಹ ಇರುತ್ತಿತ್ತು; ಪೆಟ್ಟಿಗೆಯಿಂದ ಪಾತ್ರೆಗೆ ಬೆಲೆ ಬಂತು. 1955ರಲ್ಲಿ ಸರಕಾರ ಅವರನ್ನು ಜೀವಂತ ರಾಷ್ಟ್ರನಿಧಿ ಎಂದು ಗುರುತಿಸಿತು, 1968ರಲ್ಲಿ ಸಂಸ್ಕೃತಿ ಪದಕ ಕೊಟ್ಟಿತು. ಗೆಳೆಯ ಕವಾಯಿ ಇಂಥ ಗೌರವಗಳನ್ನು ನಿರಾಕರಿಸಿದ್ದರು. ಯಾರು ಸರಿ ಎಂದು ತೀರ್ಪು ಕೊಡುವುದು ಸುಲಭವಲ್ಲ. ಹಮಾದಾರ ಹೆಸರಿನ ನೆರಳಿನಲ್ಲಿ ಮಾಶಿಕೊದ ನೂರಾರು ಸಂಸಾರಗಳು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಕಾಲವನ್ನು ದಾಟಿ ಉಳಿದವು ಎಂಬುದು ನಿಜ. ಹೆಸರು ಬಂದ ಮೇಲೆ ಹಳೆಯ ನೀರಿನ ಜಾಡಿಗಳನ್ನು ಬಿಟ್ಟು ಊರಿಗೆ ಊರೇ ಹಮಾದಾ ಶೈಲಿಯ ಪಾತ್ರೆ ಮಾಡತೊಡಗಿತು ಎಂಬುದೂ ನಿಜ.

ಹೊರದೇಶಗಳಲ್ಲಿ

1952ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ಕುಂಬಾರರ ಮತ್ತು ನೇಕಾರರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದು ಮುಗಿದ ಮೇಲೆ ಲೀಚ್, ಯಾನಾಗಿ, ಹಮಾದಾ ಅಮೆರಿಕವನ್ನು ಅಡ್ಡಹಾಯ್ದು ಸುತ್ತಿದರು: ಉತ್ತರ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜು, ಮೊಂಟಾನಾದ ಆರ್ಚಿ ಬ್ರೇ ಪ್ರತಿಷ್ಠಾನ, ಲಾಸ್ ಏಂಜಲೀಸ್. ನ್ಯೂ ಮೆಕ್ಸಿಕೊದ ಸ್ಯಾನ್ ಇಲ್ಡೆಫಾನ್ಸೊದಲ್ಲಿ ಕಪ್ಪು ಮಡಕೆಗಳಿಗೆ ಹೆಸರಾದ ಮೂಲನಿವಾಸಿ ಕುಂಬಾರ್ತಿ ಮರಿಯಾ ಮಾರ್ಟಿನೆಝ್ ಅವರನ್ನೂ ಕಂಡರು. ಉಪನ್ಯಾಸ ಕೊಟ್ಟವರು ಲೀಚ್ ಮತ್ತು ಯಾನಾಗಿ. ಹಮಾದಾ ಮಾತು ಕಡಿಮೆ. ಕೂತು ಪಾತ್ರೆ ಮಾಡಿದರು. ಊರೂರಿನಲ್ಲಿ ಸಿಕ್ಕ ಮಣ್ಣು, ಸಿಕ್ಕ ತಿಗರಿ. ಮೊಂಟಾನಾದಲ್ಲಿ ಅವರ ಕೈಯನ್ನು ನೋಡುತ್ತ ನಿಂತವರಲ್ಲಿ ಪೀಟರ್ ವೂಲ್ಕಸ್ ಒಬ್ಬರು. ಮುಂದೆ ಪಾತ್ರೆಯ ರೂಪವನ್ನೇ ಸೀಳಿ, ಪೇರಿಸಿ ಮಣ್ಣಿನ ಶಿಲ್ಪಕ್ಕೆ ಹೊಸ ದಾರಿ ತೆರೆದವರು ವೂಲ್ಕಸ್.

ಭಾರತದ ನಂಟು ಇದಕ್ಕಿಂತ ಹಳೆಯದು. ದೆಹಲಿಯ ಗುರುಚರಣ್ ಸಿಂಗ್ ಪಿಂಗಾಣಿ ವಿದ್ಯೆ ಕಲಿಯಲು 1919ರಲ್ಲಿ ಜಪಾನಿಗೆ ಹೋದರು. ಅಲ್ಲಿ ಲೀಚ್, ಯಾನಾಗಿ, ಹಮಾದಾ ಅವರ ಬಳಗದ ಪರಿಚಯವಾಯಿತು. ಗುರುಚರಣ್ ಸಿಂಗ್ 1952ರಲ್ಲಿ ಕಟ್ಟಿದ ಡೆಲ್ಲಿ ಬ್ಲೂ ಪಾಟರಿ ನಮ್ಮ ದೇಶದ ಸ್ಟುಡಿಯೋ ಕುಂಬಾರಿಕೆಯ ಮೊದಲ ನೆಲೆಗಳಲ್ಲಿ ಒಂದು. ಅವರ ಮಗ ಮನ್‌ಸಿಮ್ರನ್ ಸಿಂಗ್ ಸೇಂಟ್ ಐವ್ಸ್‌ನ ಲೀಚ್ ಕುಂಬಾರಶಾಲೆಯಲ್ಲೇ ಕಲಿತರು. ತಂದೆ ಮಗ ಸೇರಿ ಹಿಮಾಚಲದ ಅಂದ್ರೆಟ್ಟಾದಲ್ಲಿ ಇನ್ನೊಂದು ಕುಂಬಾರಶಾಲೆ ತೆರೆದರು. ಎರಡನೆಯ ಎಳೆ ಪುದುಚೇರಿಯದು. ಹಮಾದಾರ ಕೆಲಸದ ಬಗ್ಗೆ 1974ರಲ್ಲಿ ವಿಸ್ತಾರವಾದ ಪುಸ್ತಕ ಬರೆದ ಸೂಸನ್ ಪೀಟರ್ಸನ್ ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದರು. ಅಲ್ಲಿ ಓದಿದ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿ ಕಟ್ಟಿದರು. ಡೆಬೊರಾ ಜಪಾನಿನ ಬಿಝೆನ್‌ನಲ್ಲೂ ಕಲಿತಿದ್ದರು. ಕಸುಬು ಕಲಿಯಲು ಬೆಂಗಳೂರಿನಿಂದಲೂ ಹಲವರು ಗೋಲ್ಡನ್ ಬ್ರಿಜ್‌ಗೆ ಹೋಗಿಬಂದಿದ್ದಾರೆ.

ಕೊನೆಯ ವರ್ಷಗಳು ಮತ್ತು ಆಮೇಲೆ

ಹಮಾದಾರ ಕೈಕೆಳಗೆ ಕಲಿತವರಲ್ಲಿ ಶಿಮಾವೊಕಾ ತಾತ್ಸುಝೊ (1919–2007) ಮುಖ್ಯರು. ಗುರುವಿನ ನಕಲು ಮಾಡದಿರಲು ಅವರು ಕಂಡುಕೊಂಡ ದಾರಿ ಹಗ್ಗ: ಹಸಿ ಪಾತ್ರೆಯ ಮೇಲೆ ಹುರಿ ಉರುಳಿಸಿ, ಮೂಡಿದ ಕುಳಿಗಳಲ್ಲಿ ಬಿಳಿ ಮಣ್ಣು ತುಂಬುವುದು. 1996ರಲ್ಲಿ ಅವರೂ ಜೀವಂತ ರಾಷ್ಟ್ರನಿಧಿಯಾದರು. ಹಮಾದಾರ ಮಕ್ಕಳಾದ ಶಿನ್‌ಸಾಕು ಮತ್ತು ಆತ್ಸುಯಾ, ಮೊಮ್ಮಗ ತೊಮೊವೊ ಕುಂಬಾರಿಕೆಯನ್ನೇ ಹಿಡಿದರು.

1977ರಲ್ಲಿ ಹಮಾದಾ ತಮ್ಮ ಅಂಗಳದ ಹಳೆಯ ಕಟ್ಟಡಗಳನ್ನೇ ವಸ್ತುಸಂಗ್ರಹಾಲಯ ಮಾಡಿ ಜನರಿಗೆ ತೆರೆದರು. ಹೆಸರು ಸಾನ್ಕೊಕಾನ್, ಅಂದರೆ ನೋಡಿ ಕಲಿಯಲು ಒದಗುವ ಮನೆ. ಕೊರಿಯಾದ ಬಟ್ಟಲು, ಚೀನಾದ ಜಾಡಿ, ಒಕಿನಾವಾದ ಮಣ್ಣಿನ ಪಾತ್ರೆ, ಇಂಗ್ಲೆಂಡಿನ ಸ್ಲಿಪ್‌ವೇರ್ ತಟ್ಟೆ, ವಿಂಡ್ಸರ್ ಕುರ್ಚಿ, ಅಮೆರಿಕದ ಈಮ್ಸ್ ಆರಾಮಕುರ್ಚಿ: ಐವತ್ತು ವರ್ಷ ಅವರ ಕಣ್ಣನ್ನು ತಿದ್ದಿದ ವಸ್ತುಗಳು ಅಲ್ಲಿವೆ. ಮರುವರ್ಷ ಜನವರಿ 5ರಂದು ಅವರು ಮಾಶಿಕೊದಲ್ಲಿ ತೀರಿಕೊಂಡರು.

2011ರ ಮಾರ್ಚ್ 11ರ ಭೂಕಂಪದಲ್ಲಿ ಮಾಶಿಕೊದ ಆವಿಗೆಗಳು ಕುಸಿದವು. ಹಮಾದಾರ ಸಾನ್ಕೊಕಾನ್‌ಗೂ ಆವಿಗೆಗೂ ಪೆಟ್ಟಾಯಿತು, ಸಂಗ್ರಹದಲ್ಲಿದ್ದ ಪಾತ್ರೆಗಳು ಒಡೆದವು. ಊರವರು ಇಟ್ಟಿಗೆಗಳನ್ನು ಆಯ್ದು ಆವಿಗೆಯನ್ನು ಸರಿಪಡಿಸಿದರು. 2015ರಲ್ಲಿ ಮಾಶಿಕೊದ ಹಲವು ಕುಂಬಾರರು ತಂತಮ್ಮ ಪಾತ್ರೆಗಳನ್ನು ಹಮಾದಾರ ಆವಿಗೆಯ ಕೋಣೆಗಳಲ್ಲಿ ಒಟ್ಟಿಗೆ ಜೋಡಿಸಿ ಕಟ್ಟಿಗೆ ಹಾಕಿದರು. ಹಲವು ವರ್ಷ ತಣ್ಣಗಿದ್ದ ಆವಿಗೆ ಮತ್ತೆ ಉರಿಯಿತು.